ಸ್ಟೀವನ್‌ಸನ್ನನ ಕಡಲಯಾನವೂ ಅವನ ಹೆಂಡತಿಯೂ

ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಹೆಸರು ಕೇಳದ ವಿದ್ಯಾವಂತರ ಮನೆ ವಿರಳ. ಬಾಲ್ಯದಲ್ಲಿ ಅವನ ‘ಟ್ರೆಷರ್ ಐಲೆಂಡ್’ ಕಥೆಗೆ ಮರುಳಾದವರು ಬೆಳೆದ ಮೇಲೆ, ಅವನು 1888ರಿಂದ 1890ರ ವರೆಗೆ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಸಂಚರಿಸಿದ ವೃತ್ತಾಂತವನ್ನೂ ಓದುತ್ತಾರೆ. ರಕ್ತ ಕಾರುವ ರೋಗಿಯೊಬ್ಬನು ಇಂತಹ ಸಾಹಸಕ್ಕೆ ಕೈಹಾಕಿದನಲ್ಲಾ ಎಂದು ಕೊಂಡಾಡುತ್ತಾರೆ. ಕೊಂಡಾಡುವುದು ಯುಕ್ತವೇ. ಆದರೆ ಆ ಯಾತ್ರೆಯು ಒಬ್ಬನದಲ್ಲ, ದಂಪತಿಗಳದು. ಅವನ ಹೆಂಡತಿ ಫ್ಯಾನಿಗೆ ಕಥನಕಾರರು ಕೊಟ್ಟಿರುವ ಸ್ಥಾನಗಳಾದರೋ ಎರಡೇ: ಹಡಗಿನ ಮೂಲೆಯಲ್ಲಿ ಕುಳಿತ ಪ್ರಯಾಣಿಕಳೆಂಬುದು ಒಂದು, ಗಂಡನ ಬರವಣಿಗೆಯಲ್ಲಿ ತಲೆಹಾಕಿ ಅದನ್ನು ಕೆಡಿಸಹೊರಟ ಗಯ್ಯಾಳಿಯೆಂಬುದು ಮತ್ತೊಂದು. ಮೊದಲನೆಯದು ಅಜ್ಞಾನದಿಂದ ಬಂದ ಮಾತು. ಎರಡನೆಯದು ಬೇಕೆಂದೇ ಆಡಿದ ಮಾತು.

ಹಡಗನ್ನು ಗೊತ್ತುಮಾಡಿದವರು ಯಾರೆಂಬುದನ್ನೇ ಮೊದಲು ನೋಡಬಹುದು. 1887ರಲ್ಲಿ ತಂದೆ ತೀರಿಕೊಂಡು ಸ್ಟೀವನ್‌ಸನ್ನನ ಕೈಗೆ ಸ್ವಲ್ಪ ಆಸ್ತಿ ಬಂದಿತ್ತು. ಮರುವರ್ಷ ಫ್ಯಾನಿ ಕ್ಯಾಲಿಫೋರ್ನಿಯಕ್ಕೆ ಹೋದಾಗ, ‘ಕ್ಯಾಸ್ಕೊ’ ಎಂಬ 95 ಅಡಿ ಉದ್ದದ ಹಾಯಿಹಡಗು ಬಾಡಿಗೆಗೆ ಸಿಕ್ಕೀತೆಂದು ಕಂಡುಕೊಂಡು ಗಂಡನಿಗೆ ತಂತಿ ಕೊಟ್ಟವಳು ಆಕೆಯೇ. ಯಾತ್ರೆಗೆಂದು 2000 ಪೌಂಡುಗಳನ್ನು ತೆಗೆದಿಟ್ಟು, 1888ರ ಜೂನ್ 28ರಂದು ಅವರು ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟರು. ಜೊತೆಯಲ್ಲಿ ಅವನ ವೃದ್ಧ ತಾಯಿ, ಫ್ಯಾನಿಯ ಮೊದಲ ಮದುವೆಯ ಮಗ, ಒಬ್ಬ ಸೇವಕಿ. ಇಲ್ಲಿ ಮರೆಯಬಾರದ ಸಂಗತಿಯೊಂದುಂಟು. ಕಡಲ ಗಾಳಿಯಿಂದ ಗಂಡನ ಶ್ವಾಸಕೋಶಕ್ಕೆ ಜೀವ ಬರುತ್ತಿದ್ದರೆ ಹೆಂಡತಿಗೆ ಅದೇ ಕಡಲು ವಾಂತಿಯನ್ನೂ ಭಯವನ್ನೂ ತರುತ್ತಿತ್ತು. ಸಮುದ್ರವೆಂದರೆ ತನಗೆ ಆಗದೆಂದು ಆಕೆ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಹಾಗೆ ಬರೆದವಳು ಒಂದಲ್ಲ, ಮೂರು ಹಡಗುಗಳನ್ನು ಹತ್ತಿದಳು. ರಾಮನ ಹಿಂದೆ ಸೀತೆಯು ಕಾಡಿಗೆ ನಡೆದುದನ್ನು ಹೊಗಳುವವರಲ್ಲಿಯೂ, ಕಾಡಿನಲ್ಲಿ ಆಕೆಯ ದಿನಚರಿ ಏನಿತ್ತೆಂದು ಕೇಳುವವರು ಎಷ್ಟು ಮಂದಿ?

ಫ್ಯಾನಿಯ ದಿನಚರಿಯಾದರೋ ತಕ್ಕಮಟ್ಟಿಗೆ ತಿಳಿದಿದೆ. ಮಾರ್ಕೆಸಾಸ್ ದ್ವೀಪಗಳನ್ನೂ ಫಕರಾವ ಎಂಬ ಹವಳದ ದ್ವೀಪವನ್ನೂ ದಾಟಿ ಟಹೀಟಿಯ ಪಪೀಟೆ ಬಂದರಿಗೆ ಬರುವ ಹೊತ್ತಿಗೆ ಸ್ಟೀವನ್‌ಸನ್ನನು ಮತ್ತೆ ಹಾಸಿಗೆ ಹಿಡಿದಿದ್ದನು. ಹವೆ ಬದಲಾಯಿಸಲೆಂದು ತರವಾವೊಗೆ ಹೋದರೆ ಅಲ್ಲಿ ಸೆಕೆ, ಸೊಳ್ಳೆ. ಆಗ ಫ್ಯಾನಿ ಊರೆಲ್ಲ ವಿಚಾರಿಸಿ, ಒಬ್ಬ ಚೀನೀಯನ ಬಳಿ ಬಂಡಿಯೂ ಕುದುರೆಗಳೂ ಇರುವುದನ್ನು ತಿಳಿದು, ಅವನನ್ನು ಒಪ್ಪಿಸಿ, ಅರೆಪ್ರಜ್ಞೆಯಲ್ಲಿದ್ದ ಗಂಡನನ್ನು ಅದರಲ್ಲಿ ಮಲಗಿಸಿಕೊಂಡು, ಹಳ್ಳಕೊಳ್ಳಗಳನ್ನು ಹಾಯ್ದು ಟೌಟಿರಾ ಎಂಬ ಹಳ್ಳಿಯನ್ನು ಮುಟ್ಟಿಸಿದಳು. ಆ ಬಂಡಿ ಸಿಗದಿದ್ದರೆ ಅನಂತರದ ಗ್ರಂಥಗಳ ಮಾತು ಏನಾಗುತ್ತಿತ್ತೋ! ಪೂರ್ತಿ ಕೀರ್ತಿಯನ್ನು ಆಕೆಗೇ ಕೊಡುವುದೂ ತಪ್ಪಾದೀತು. ಟೌಟಿರಾದಲ್ಲಿ ರೋಗಿಗೆ ಉಣಿಸಿ ಉಪಚರಿಸಿದವಳು ಮೋಯೆ ಎಂಬ ರಾಜಕುಮಾರಿ. ಹಡಗಿನ ಕೂವೆಮರ ಒಳಗೇ ಲಡ್ಡಾಗಿದೆಯೆಂದು ಗೊತ್ತಾಗಿ ಅದನ್ನು ದುರಸ್ತಿಗೆ ಕಳುಹಿಸಬೇಕಾದಾಗ, ಕೈಯಲ್ಲಿದ್ದುದೆಲ್ಲ ಮುಗಿದ ಈ ಕುಟುಂಬವನ್ನು ತನ್ನ ಮನೆಯಲ್ಲಿಟ್ಟು ಸಾಕಿದವನು ಓರಿ ಎಂಬ ಊರ ಮುಖಂಡ. ಬಿಳಿಯರ ಪ್ರವಾಸಕಥನಗಳಲ್ಲಿ ದ್ವೀಪವಾಸಿಗಳು ಬಹುಮಟ್ಟಿಗೆ ತಾಳೆಮರಗಳ ಸಾಲಿಗೆ ಸೇರಿದವರು. ಇಲ್ಲಿ ಅವರೇ ಅನ್ನದಾತರು. ಆ ಸುಮಾರು ಎರಡು ತಿಂಗಳ ವಿಶ್ರಾಂತಿಯಲ್ಲಿಯೇ ‘ದಿ ಮಾಸ್ಟರ್ ಆಫ್ ಬ್ಯಾಲಂಟ್ರೇ’ ಕಾದಂಬರಿಯ ಕೆಲಸವು ಮುಂದುವರಿಯಿತು.

1889ರಲ್ಲಿ ‘ಈಕ್ವೇಟರ್’ ಎಂಬ ಸಣ್ಣ ವ್ಯಾಪಾರದ ಹಡಗಿನಲ್ಲಿ ಗಿಲ್ಬರ್ಟ್ ದ್ವೀಪಗಳಿಗೆ ಹೋದಾಗ ಅಬೆಮಾಮದ ದೊರೆ ಟೆಂಬಿನೊಕನ ಬಾವುಟಕ್ಕೆ ಚಿತ್ರ ರಚಿಸಿಕೊಟ್ಟವಳೂ ಫ್ಯಾನಿಯೇ.

ಮೂರನೆಯ ಯಾತ್ರೆಯ ಸಂಗತಿ ಇನ್ನೂ ಗಟ್ಟಿಯಾದುದು. 1890ರಲ್ಲಿ ಸಿಡ್ನಿಯ ಚಳಿಗೆ ಸ್ಟೀವನ್‌ಸನ್ನನು ಮತ್ತೆ ಕುಸಿದನು. ಅವನನ್ನು ಹೇಗಾದರೂ ಕಡಲಿಗೆ ಒಯ್ಯಬೇಕೆಂದು ಫ್ಯಾನಿ ಬಂದರಿನಲ್ಲಿ ಅಲೆದು, ‘ಜ್ಯಾನೆಟ್ ನಿಕೋಲ್’ ಎಂಬ ಉಗಿಹಡಗಿನಲ್ಲಿ ಸ್ಥಳ ಸಂಪಾದಿಸಿದಳು. ಹೊರಟ ಕೆಲವೇ ದಿನಗಳಲ್ಲಿ, ಸಹಪ್ರಯಾಣಿಕನೊಬ್ಬನು ತಂದಿದ್ದ ಬಾಣಬಿರುಸಿನ ಸಾಮಗ್ರಿ ಕೋಣೆಯೊಳಗೆ ಹೊತ್ತಿಕೊಂಡಿತು. ಉರಿಯುತ್ತಿದ್ದ ಪೆಟ್ಟಿಗೆಯೊಂದನ್ನು ನಾವಿಕರು ಕಡಲಿಗೆ ಎಸೆಯುವುದರಲ್ಲಿದ್ದರು. ಫ್ಯಾನಿ ಅದನ್ನು ಕಂಡು ತಡೆದಳು. ಅದರೊಳಗೆ ಇದ್ದುದು ಸ್ಟೀವನ್‌ಸನ್ನನ ಹಸ್ತಪ್ರತಿಗಳು. ಆಕೆ ಗಂಡನ ಬರವಣಿಗೆಯಲ್ಲಿ ತಲೆಹಾಕಿದಳೆಂದು ದೂರುವವರು ಈ ಸಲ ತಲೆಹಾಕಿದುದನ್ನೂ ಲೆಕ್ಕಕ್ಕೆ ಹಿಡಿಯುವರೆ?

ಅವರ ದೊಡ್ಡ ಆಧಾರವು 1889ರಲ್ಲಿ ಆಕೆ ಲಂಡನ್ನಿನ ಗೆಳೆಯ ಸಿಡ್ನಿ ಕಾಲ್ವಿನ್ನನಿಗೆ ಬರೆದ ಕಾಗದ. ಗಂಡನು ಕಣ್ಣಾರೆ ಕಂಡ ಮನುಷ್ಯರ ಕಥೆಯನ್ನು ಬಿಟ್ಟು, ದ್ವೀಪಗಳ ಭಾಷೆ, ಜನಾಂಗ ಇತ್ಯಾದಿಗಳ ಶಾಸ್ತ್ರಗ್ರಂಥವನ್ನು ಬರೆಯಹೊರಟಿರುವನೆಂದು ಅದರಲ್ಲಿ ಆಕೆ ಮೊರೆಯಿಟ್ಟಳು. ಹೆಂಡತಿಯಾದವಳು ಗಂಡನ ಕೃತಿಯ ವಿಷಯವಾಗಿ ಪರರಿಗೆ ದೂರು ಬರೆಯಬಹುದೆ ಎಂಬುದು ಆಕ್ಷೇಪ. ಆದರೆ ಕಾಲ್ವಿನ್ನನು ಪರನಲ್ಲ. ಸ್ಟೀವನ್‌ಸನ್ನನ ಲೇಖನವ್ಯವಹಾರಗಳಲ್ಲಿ ನೆರವಾಗುತ್ತಿದ್ದ ಆಪ್ತನು. 1891ರಲ್ಲಿ ಆ ಲೇಖನಗಳು ಪತ್ರಿಕೆಗಳಲ್ಲಿ ಹೊರಬಂದಾಗ ಹೇಳಿಕೊಳ್ಳುವಂತಹ ಆದರವೂ ಸಿಗಲಿಲ್ಲ. ಇಂದಿನ ವಿದ್ವಾಂಸರು ಅವುಗಳ ಬೆಲೆಯನ್ನು ಬೇರೆಯಾಗಿ ಕಟ್ಟುತ್ತಾರೆ, ಗಂಡನ ಕಡೆಗೂ ನ್ಯಾಯವುಂಟು. ಇರಲಿ. ಇಬ್ಬರು ಬರಹಗಾರರಲ್ಲಿ ಅಭಿಪ್ರಾಯ ಭೇದಿಸಿದರೆ ಅದು ವಿಮರ್ಶೆ; ಅವರಲ್ಲೊಬ್ಬಳು ಹೆಂಡತಿಯಾದರೆ ಗಯ್ಯಾಳಿತನವೆ? ಫ್ಯಾನಿಯ ಕಥೆಗಳೂ ಅಮೆರಿಕದ ಮಾಸಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದುವು.

ಜ್ಯಾನೆಟ್ ನಿಕೋಲಿನ ಮೇಲೆ ಆಕೆ ದಿನಚರಿ ಬರೆದಳು. ಅದನ್ನು ಅಚ್ಚಿಗೆಂದು ಬರೆದುದಲ್ಲ. ಗಂಡನ ನೆನಪಿಗೆ ಸಹಾಯವಾಗಲೆಂದು ಬರೆದುದೆಂದು ಆಕೆಯೇ ಹೇಳಿದ್ದಾಳೆ. ತೀರದಲ್ಲಿ ಕಂಡ ಹೆಂಗಸರು, ಅವರು ಕೊಟ್ಟ ಉಡುಗೊರೆಗಳು, ವ್ಯಾಪಾರಿಗಳ ಸಂಸಾರಗಳು, ಇವೆಲ್ಲ ಅಲ್ಲಿ ದಿನದಿನದ ಲೆಕ್ಕವಾಗಿ ಬಂದಿವೆ. ಸ್ಟೀವನ್‌ಸನ್ನನು 1894ರಲ್ಲಿ ಸಮೋವದಲ್ಲಿ ಮಡಿದನು. ಅವನ ‘ಇನ್ ದಿ ಸೌತ್ ಸೀಸ್’ 1896ರಲ್ಲಿ ಪುಸ್ತಕವಾಯಿತು. ಹೆಂಡತಿಯ ದಿನಚರಿ ಪುಸ್ತಕವಾದುದು 1914ರಲ್ಲಿ. ಅದು ಅಂಗಡಿಗೆ ಬರುವಷ್ಟರಲ್ಲಿ ಆಕೆ ಕಣ್ಣುಮುಚ್ಚಿದ್ದಳು.