ಬಾರ್‌ಕೋಡ್ 890ರಿಂದ ಶುರುವಾದರೆ ಅದು ಭಾರತದಲ್ಲೇ ತಯಾರಾದ ಅಸಲಿ ಮಾಲೇ?

"ಬಾರ್‌ಕೋಡ್ 690 ಇದ್ದರೆ ಚೀನಾ ಮಾಲು, 890 ಇದ್ದರೆ ನಮ್ಮ ದೇಶದ್ದು. ನೋಡಿ ಕೊಳ್ಳಿ, ಎಲ್ಲರಿಗೂ ಕಳಿಸಿ." ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಅರ್ಧ ಸತ್ಯ.

ಬಾರ್‌ಕೋಡ್ ಸಂಖ್ಯೆಗಳನ್ನು ಜಗತ್ತಿನಾದ್ಯಂತ ಜಿಎಸ್1 ಎಂಬ ಸಂಸ್ಥೆ ಹಂಚುತ್ತದೆ. ಅಂಗಡಿಯಲ್ಲಿ ಮೊದಲ ಬಾರಿಗೆ ಇಂಥ ಬಾರ್‌ಕೋಡ್ ಸ್ಕ್ಯಾನ್ ಆಗಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊದಲ್ಲಿ. ವಸ್ತು ಒಂದು ಚೂಯಿಂಗ್ ಗಮ್ ಪೊಟ್ಟಣ. 890 ಎಂಬುದು ಜಿಎಸ್1ನ ಭಾರತದ ಶಾಖೆಗೆ ಕೊಟ್ಟ ಸಂಖ್ಯೆ. ಅಂದರೆ ಕಂಪನಿ ತನ್ನ ಸಂಖ್ಯೆಯನ್ನು ಇಲ್ಲಿ ಪಡೆದಿದೆ ಎಂದಷ್ಟೇ ಅರ್ಥ. ಮಾಲು ಎಲ್ಲಿ ತಯಾರಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಭಾರತದ ಕಂಪನಿ ಚೀನಾದಲ್ಲಿ ಆಟಿಕೆ ಮಾಡಿಸಿ ತನ್ನ ಹೆಸರಲ್ಲಿ ಮಾರಿದರೂ 890 ಇರಬಹುದು. ಕಂಪ್ಲಿ ಕಡೆಯ ಅಕ್ಕಿ ವಿದೇಶಿ ಬ್ರಾಂಡ್‌ನ ಚೀಲ ಸೇರಿದರೆ ಬೇರೆ ಸಂಖ್ಯೆ ಬರಬಹುದು.

ಹಾಗಾದರೆ 890 ಇದ್ದರೆ ಅಸಲಿಯೇ? ಅದೂ ಅಲ್ಲ. ಒಂದೇ ಬಗೆಯ, ಒಂದೇ ಅಳತೆಯ ಎಲ್ಲ ಪ್ಯಾಕೆಟ್‌ಗೂ ಸಾಮಾನ್ಯವಾಗಿ ಒಂದೇ ಸಂಖ್ಯೆ. ನಕಲಿ ಮಾಡುವವನು ಕವರ್ ಜೊತೆಗೆ ಗೆರೆಗಳನ್ನೂ ನಕಲು ಮಾಡಬಲ್ಲ.

ಎಮ್ಮಿಗನೂರಿನಂಥ ಭತ್ತದ ಊರಿನಲ್ಲಿ ಈ ನಂಬಿಕೆ ದುಬಾರಿಯಾಗುತ್ತದೆ. ನಕಲಿ ಬೀಜ ಬಿತ್ತಿದರೆ ಚೀಲದ ದುಡ್ಡಷ್ಟೇ ಅಲ್ಲ, ಒಂದು ಬೆಳೆಯೇ ಹೋಗುತ್ತದೆ. ಬೀಜದ ಚೀಲದಲ್ಲಿ ನೋಡಬೇಕಾದ್ದು ಲಾಟ್ ನಂಬರ್, ಪರೀಕ್ಷೆಯ ದಿನಾಂಕ, ಮೊಳಕೆ ಪ್ರಮಾಣ. ಭತ್ತಕ್ಕೆ ಅದು ಕನಿಷ್ಠ ಶೇ. 80 ಇರಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಬೀಜದ ಮೂಲ ಪತ್ತೆಗೆಂದೇ ಕೇಂದ್ರ ಸರ್ಕಾರ 2023ರಲ್ಲಿ 'ಸಾಥಿ' ಪೋರ್ಟಲ್ ಆರಂಭಿಸಿದೆ. ಲಾಟ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಬೆಳೆ ಕೈಕೊಟ್ಟರೆ ದೂರು ಕೊಡಲು ಅದೇ ಆಧಾರ.

ಔಷಧಿಗೂ ಇದೇ ಮಾತು. 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಪ್ಯಾಕ್ ಮೇಲಿನದಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಆ ಔಷಧಿ ನುಂಗಬೇಡಿ, ಅಂಗಡಿಯವರನ್ನು ಕೇಳಿ.

ಮಾಲು ಯಾವ ದೇಶದ್ದು ಎಂದು ತಿಳಿಯಬೇಕೇ? ಆಮದು ಮಾಡಿದ ಪ್ಯಾಕೆಟ್ ಮೇಲೆ ತಯಾರಾದ ದೇಶದ ಹೆಸರು ಬರೆಯುವುದು ಕಾನೂನು ಪ್ರಕಾರ ಕಡ್ಡಾಯ. ಗೆರೆ ಬಿಟ್ಟು ಅಕ್ಷರ ಓದಿ. ಆ ಸಂದೇಶ ಮತ್ತೆ ಬಂದರೆ, ಮುಂದೆ ಕಳಿಸುವ ಬದಲು ಕಳಿಸಿದವರಿಗೇ ಈ ವಿಷಯ ತಿಳಿಸಿ.