ಬೆನ್ನ ಹಿಂದಿನ ಊರು

ಈ ಸಂಚಿಕೆಯ ಮುಖಪುಟಕ್ಕೆಂದು ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ತನ್ನ ಅಜ್ಜಿಯ ಫೋಟೋ ಕಳಿಸಿದ್ದ. ಮುಖದ ಒಂದೊಂದು ಸುಕ್ಕನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ. ಹಿಂದಿನದೆಲ್ಲ ಹಸಿರು, ಬೂದು ಬಣ್ಣ ಕಲಸಿಟ್ಟಂಥ ಮಸುಕು. ಚೆನ್ನಾಗಿದೆ, ಆದರೆ ಯಾವ ಊರಿನ ಅಜ್ಜಿಯಾದರೂ ಆಗಬಹುದು ಎಂದುಕೊಂಡು ಪಕ್ಕಕ್ಕೆ ಸರಿಸುತ್ತಿದ್ದೆ. ಅಷ್ಟರಲ್ಲಿ ಕಣ್ಣು ಒಂದು ಕಡೆ ನಿಂತಿತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ತೋಳಿಗೂ ಮೈಗೂ ನಡುವಿನ ಸಣ್ಣ ಸಂದಿ ಮಾತ್ರ ಮಸುಕಾಗದೆ ಉಳಿದುಬಿಟ್ಟಿತ್ತು. ಅಲ್ಲಿ ಮಣ್ಣಿನ ಗೋಡೆಯ ತುಣುಕು, ಗೋಡೆಗೆ ಒರಗಿಸಿದ ಕಡ್ಡಿಗಳು, ಕಡ್ಡಿಗೆ ಕಟ್ಟಿದ ಹೊಗೆಸೊಪ್ಪು. ಅಜ್ಜಿ ನಿಂತಿದ್ದುದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ.

ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಹಿಂದ್ಗಡೆ ಬರೀ ಬ್ಯಾರನ್ನು, ಸೌದೆ ಇತ್ತು ಸಾರ್. ಅದಕ್ಕೇ ಬ್ಲರ್ ಮಾಡ್ದೆ" ಎಂದ.

ಆ "ಬರೀ" ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ದೊಡ್ಡ ಕ್ಯಾಮೆರಾದಲ್ಲಿ ಈ ಮಸುಕು ಲೆನ್ಸಿನಿಂದಲೇ ಬರುತ್ತದೆ. ಲೆನ್ಸಿನ ಬಾಯಿ ಅಗಲವಾಗಿ ತೆರೆದಷ್ಟೂ, ಫೋಕಸ್ ಮಾಡಿದ್ದು ನಿಚ್ಚಳವಾಗಿ ಉಳಿದು ಹಿಂದಿನದು ದೂರಕ್ಕೆ ತಕ್ಕಂತೆ ಕರಗುತ್ತ ಹೋಗುತ್ತದೆ. ಫೋಟೋಗ್ರಾಫರುಗಳು ಅದನ್ನು ಬೊಕೆ ಎನ್ನುತ್ತಾರೆ, ಅದು ಜಪಾನಿ ಮಾತು. ಫೋನಿನ ಲೆನ್ಸು, ಸೆನ್ಸರ್ ಎರಡೂ ಪುಟ್ಟವು. ಅದರ ಕಣ್ಣಿಗೆ ಹತ್ತಿರದ್ದೂ ದೂರದ್ದೂ ಹೆಚ್ಚುಕಡಿಮೆ ಒಂದೇ ಸ್ಪಷ್ಟ. ಹಾಗಾಗಿ ಫೋನು ಮಸುಕನ್ನು ಲೆಕ್ಕ ಹಾಕಿ ಬಳಿಯುತ್ತದೆ. 2016ರ ಐಫೋನ್ 7 ಪ್ಲಸ್ ಎರಡು ಲೆನ್ಸುಗಳಿಂದ ದೂರ ಅಳೆದು ಈ ಕೆಲಸ ಮಾಡಿತು. ಮರುವರ್ಷ ಬಂದ ಗೂಗಲ್ ಪಿಕ್ಸೆಲ್ 2 ಹಿಂಬದಿಯ ಒಂದೇ ಲೆನ್ಸಿನಲ್ಲಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಮಾಡಿತು. ಈಗಂತೂ ಎಂದೋ ತೆಗೆದ ಫೋಟೋವನ್ನೂ ಆಪ್‌ಗೆ ಕೊಟ್ಟರೆ ಸಾಕು, ಇದು ಮನುಷ್ಯ, ಇದು ಮನುಷ್ಯನಲ್ಲ ಎಂದು ಗೆರೆ ಎಳೆದು, ಗೆರೆಯಾಚೆಯದನ್ನೆಲ್ಲ ಕರಗಿಸಿಬಿಡುತ್ತದೆ. ಆ ಗೆರೆ ತಪ್ಪುವುದು ಹಾರುವ ಕೂದಲಲ್ಲಿ, ಕನ್ನಡಕದ ಅಂಚಲ್ಲಿ, ಮುಡಿದ ಮಲ್ಲಿಗೆಯಲ್ಲಿ, ಹೀಗೆ ತೋಳಿನ ಸಂದಿಯಲ್ಲಿ.

ಮಸುಕು ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮದುವೆಮನೆಯ ಗದ್ದಲದಲ್ಲಿ ಒಂದು ಮುಖವನ್ನು ಎತ್ತಿ ತೋರಿಸಲು ಅದು ಬೇಕು. ಹಿಂದೆ ನಿಂತ ಅಪರಿಚಿತರನ್ನು ಮರೆಮಾಡುವುದು ಮರ್ಯಾದೆಯೂ ಹೌದು. ಆದರೆ ಈ ಸಂಚಿಕೆಗೆ ಬಂದ ಚಿತ್ರಗಳನ್ನು ಹರಡಿಕೊಂಡು ಕೂತಾಗ ಒಂದು ಸಂಗತಿ ಕಂಡಿತು. ಬೈಲಕುಪ್ಪೆಯ ಸ್ವರ್ಣಮಂದಿರದ ಮುಂದೆ ನಿಂತವರು, ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಕಡೆ ನಿಂತವರು ಯಾರೂ ಹಿಂದಿನದನ್ನು ಅಳಿಸಿರಲಿಲ್ಲ. ಅಳಿಸಿಹೋಗಿದ್ದು ಕೊಟ್ಟಿಗೆ, ಶೀಟಿನ ಮನೆ, ಬ್ಯಾರನ್. ನೋಡಲು ಹೋದ ಊರು ಫೋಟೋದಲ್ಲಿ ಇರಬೇಕು, ಬಾಳಿದ ಊರು ಇರಬಾರದು! ಇದು ನನಗೆ ನೋವಿನ ವಿಷಯ.

ಏಕೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆನ್ನ ಹಿಂದಿನದು ನಿಂತಲ್ಲೇ ನಿಂತಿಲ್ಲ. ಕಾವೇರಿಯ ಪ್ರವಾಹಕ್ಕೆ ಅಂಜಿ ಎಡತೊರೆಯ ಜನ ಸರಿದು ಕಟ್ಟಿದ ಊರು ಕೃಷ್ಣರಾಜನಗರ. ಎಚ್.ಡಿ. ಕೋಟೆಯಲ್ಲಿ 1974ರ ಹೊತ್ತಿಗೆ ಕಬಿನಿ ಅಣೆಕಟ್ಟೆ ಎದ್ದಾಗ ಹಳ್ಳಿಗಳೂ ಕಾಡೂ ನೀರಿನಡಿ ಸೇರಿದವು. ಆ ಹಳ್ಳಿಗಳಲ್ಲಿ ಯಾರಾದರೂ ಮನೆ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರೆ, ಆ ಮನೆ ಇಂದು ಉಳಿದಿರುವುದು ಆ ಫೋಟೋದಲ್ಲಿ ಮಾತ್ರ. ಕಾಡಿನಿಂದ ಎಬ್ಬಿಸಲ್ಪಟ್ಟ ಜೇನುಕುರುಬರ ಹಾಡಿಗಳನ್ನು ನೆನೆಯಿರಿ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಕಾಡಿನ ಮೇಲಿನ ಹಕ್ಕಿಗೆ ಸಾಕ್ಷ್ಯವೆಂದು ಒಪ್ಪುವವುಗಳಲ್ಲಿ ಮನೆ, ಗುಡಿಸಲು, ಬಾವಿ, ಸ್ಮಶಾನ, ದೇವರ ತಾಣ ಇವೆ. ಫೋಟೋದ ಭಾಷೆಯಲ್ಲಿ ಇವೆಲ್ಲ ಹಿನ್ನೆಲೆ. ಕಾನೂನಿನ ಭಾಷೆಯಲ್ಲಿ ಬದುಕಿದ್ದಕ್ಕೆ ಗುರುತು.

ಬ್ಯಾರನ್ ಕೂಡ ಶಾಶ್ವತವಲ್ಲ. ಹುಣಸೂರು, ಪಿರಿಯಾಪಟ್ಟಣದ ಮನೆಗಳು ವರ್ಜೀನಿಯಾ ಹೊಗೆಸೊಪ್ಪಿನಿಂದ ಮಕ್ಕಳನ್ನು ಓದಿಸಿದವು, ಅದರಿಂದಲೇ ಸಾಲಕ್ಕೂ ಬಿದ್ದವು. ಸೊಪ್ಪು ಬೇಯುವಷ್ಟು ದಿನ ರಾತ್ರಿ ಎದ್ದೆದ್ದು ಒಲೆಗೆ ಸೌದೆ ಹಾಕಿ ಶಾಖ ಕಾದವರಿಗೆ ಅದರ ಬೆಲೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲೇ ಒಪ್ಪಿದೆ. ಈ ಬೆಳೆ ಹೋಗುವುದೇ ಒಳ್ಳೆಯದಿರಬಹುದು. ಆದರೆ ಅದರ ಹಿಂದೆ ಬೆಂದ ಬದುಕು ಗುರುತೇ ಇಲ್ಲದೆ ಹೋಗಬಾರದು.

ಹಿಂದೆ ನಮ್ಮ ಪೇಟೆಗಳ ಸ್ಟುಡಿಯೋಗಳಲ್ಲಿ ಬಣ್ಣದ ಪರದೆ ಇರುತ್ತಿತ್ತು. ಅರಮನೆಯ ಮೆಟ್ಟಿಲು, ಹೂದೋಟ, ಹಂಸದ ಕೊಳ. ಆಗಲೂ ನಮ್ಮ ಅಂಗಳ ಚಿತ್ರದೊಳಗೆ ಬರಲಿಲ್ಲ, ನಿಜ. ಆದರೆ ಫೋಟೋ ತಿರುಗಿಸಿದರೆ ಸ್ಟುಡಿಯೋದ ಮುದ್ರೆ, ಊರಿನ ಹೆಸರು, ಅಪ್ಪನ ಕೈಬರಹದಲ್ಲಿ ತಾರೀಖು. ಮುಂದೆ ಮರೆಯಾದದ್ದು ಹಿಂದೆ ಉಳಿಯುತ್ತಿತ್ತು. ಫೋನಿನ ಚಿತ್ರಕ್ಕೆ ತಿರುಗಿಸಿ ನೋಡುವ ಬೆನ್ನಿಲ್ಲ.

ಅದಕ್ಕೇ ಓದುಗರಲ್ಲಿ ಒಂದು ಬೇಡಿಕೆ. ಮಸುಕು ಮಾಡುವುದಾದರೆ ಮಾಡಿ, ಮೂಲ ಚಿತ್ರವನ್ನು ಮಾತ್ರ ಅಳಿಸಬೇಡಿ. ನಮಗೆ ಕಳಿಸುವಾಗ ಮೂಲವನ್ನೇ ಕಳಿಸಿ. ಮುಖ ಎದ್ದು ಕಾಣಬೇಕೆಂದರೆ ಅವರನ್ನು ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸಿ, ಬೆಳಗಿನ ಓರೆಬಿಸಿಲಿಗೆ ಮುಖ ಮಾಡಿಸಿ. ಅರ್ಧ ಕೆಲಸ ಬೆಳಕೇ ಮಾಡುತ್ತದೆ. ಜೊತೆಗೆ ಬೆನ್ನ ಹಿಂದೆ ಏನಿದೆ, ಯಾವ ಊರು, ಯಾವ ವರ್ಷ ಎಂದು ಎರಡು ಸಾಲು ಬರೆಯಿರಿ.

ಆ ಹುಡುಗ ಮೂಲ ಚಿತ್ರ ಉಳಿಸಿಕೊಂಡಿದ್ದ. ಈ ಸಲದ ಮುಖಪುಟ ಅದೇ. ಅಜ್ಜಿಯ ಎಡಕ್ಕೆ ಸೌದೆಯ ರಾಶಿ ಇದೆ, ಹಿಂದೆ ಬ್ಯಾರನ್ ಬಾಗಿಲು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಒಂದು ತಾರೀಖು ಗೀಚಿದ್ದಾರೆ. ಏನದು ಎಂದು ಕೇಳಿದೆ. ಅಜ್ಜಿಯನ್ನೇ ವಿಚಾರಿಸಿ ಹೇಳಿದ: ಒಲೆ ಹೊತ್ತಿಸಿದ ದಿನವಂತೆ, ಬರೆದದ್ದು ಅಜ್ಜಿಯೇ.

— ಸಂಪಾದಕ