ಕಾವಲುಭೂಮಿ ಬಂಜರಲ್ಲ

ಕಡಲೆಕಾಯಿ ಹೊಲಗಳ ನಡುವೆ ದ್ವೀಪಗಳಂತೆ ಉಳಿದುಬಂದ ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳನ್ನು, ಉತ್ತು ಬಿತ್ತದ ನೆಲವೆಂಬ ಒಂದೇ ಕಾರಣಕ್ಕೆ, ಯಾರಿಗೂ ಬೇಡವಾದ ಬಂಜರೆಂದು ಬಗೆಯುವ ರೂಢಿ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಚರಿತ್ರೆಯಾದರೋ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೇ ನುಡಿಯುತ್ತದೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿದ್ದು, ಹೈದರಾಲಿಯಿಂದ ವಿಸ್ತಾರಗೊಂಡು, ಟಿಪ್ಪುವಿನಿಂದ ಅಮೃತಮಹಲೆಂಬ ಹೆಸರನ್ನೂ ಹುಕುಂನಾಮೆಯನ್ನೂ ಪಡೆದ ಮೈಸೂರು ಅರಸರ ದನಗಳ ಇಲಾಖೆಯಲ್ಲಿ, ಹುಲ್ಲು, ನೀರು, ನೆರಳುಗಳನ್ನು ಪರಿಶೀಲಿಸಿ ಕಾವಲುಗಳನ್ನು ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆಂದು ವಿಂಗಡಿಸಲಾಗಿತ್ತು. ದನದ ಹಿಂಡು ಋತುವಿಗನುಸಾರವಾಗಿ ಒಂದರಿಂದ ಮತ್ತೊಂದಕ್ಕೆ ಸಾಗಿದರೆ, ಬಿಟ್ಟ ನೆಲ ಮತ್ತೆ ಚಿಗುರುತ್ತಿತ್ತು. 1799ರ ಬಳಿಕ ಇಲಾಖೆಯನ್ನು ವಶಪಡಿಸಿಕೊಂಡ ಬ್ರಿಟಿಷರು 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅದನ್ನು ಮುಚ್ಚಿ, ಫಿರಂಗಿಯೆಳೆಯಲು ತಕ್ಕ ಎತ್ತುಗಳು ದೊರೆಯದಾಗಲು ಕೆಲವೇ ವರ್ಷಗಳಲ್ಲಿ ಪುನಃ ಸ್ಥಾಪಿಸಬೇಕಾಯಿತು.

ಫಿರಂಗಿಗೆ ಎತ್ತು ಬೇಡವಾದ ಕಾಲಕ್ಕೂ ಕಾವಲು ನಿರುಪಯುಕ್ತವಾಗಲಿಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಸಂಸಾರಗಳನ್ನು ಹಿಡಿದು ನಿಲ್ಲಿಸುವುದು ಕುರಿ. ಕರಡದ ಹುಲ್ಲು ಮೇಯ್ದ ಕುರಿಯ ಉಣ್ಣೆ ಹೆಂಗಸರ ಕೈಯಲ್ಲಿ ನೂಲಾಗಿ, ಹುಣಸೆಬೀಜದ ಗಂಜಿ ಹೀರಿ, ಮಗ್ಗವೇರಿ ಚಳ್ಳಕೆರೆಯ ಕಂಬಳಿಯಾಗುತ್ತದೆ. ಈ ಸೀಮೆಯ ಮ್ಯಾಸನಾಯಕ ಸಮುದಾಯದ ದೇವರ ಎತ್ತುಗಳನ್ನು ಕಿಲಾರಿಗಳೆಂಬ ದನಗಾಹಿಗಳು ಮೇಯಿಸಬೇಕಾದರೂ ಬಯಲೇ ಬೇಕು.

ಇಂತಹ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆ, ಕೆಲವೇ ವರ್ಷಗಳ ಅವಧಿಯಲ್ಲಿ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಅಣುಸಂಶೋಧನೆಯ ಬಿಎಆರ್‌ಸಿ, ಇಸ್ರೊ ಮೊದಲಾದವುಗಳ ಪಾಲಾಯಿತು. ಗೋಡೆ ಏಳತೊಡಗಿದ ಮೇಲೆಯೇ ಎಷ್ಟೋ ಹಟ್ಟಿಗಳಿಗೆ ಸಂಗತಿ ತಿಳಿದದ್ದು. 2017ರಲ್ಲಿ ಇಲ್ಲಿ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಗೊಂಡಿತು. 2023ರಲ್ಲಿ ಇಸ್ರೊದ ಮರುಬಳಕೆಯ ಉಡಾವಣಾ ವಾಹನದ ಮಾದರಿ ಇಲ್ಲಿಯ ರನ್‌ವೇಯಲ್ಲಿ ತಾನೇ ತಾನಾಗಿ ಇಳಿಯಿತು. ಈ ಸಾಧನೆಗೆ ಹೆಮ್ಮೆಪಡದವನು ಅರಸಿಕನೇ ಸರಿ. ಆದರೆ ದೇಶದ ಹಿತಕ್ಕೆಂದು ತೆತ್ತ ಬೆಲೆಯನ್ನೆಲ್ಲ ಕುರಿಗಾಹಿಯ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ.

ಗ್ರಾಮಗಳ ಸಾಮುದಾಯಿಕ ಭೂಮಿಯನ್ನು ಅತಿಕ್ರಮಣದಿಂದ ಬಿಡಿಸಿ ಊರಿಗೆ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶವಿತ್ತಿತ್ತು. ಆ ತತ್ತ್ವವನ್ನು ಸರ್ಕಾರವು ತನ್ನ ಕೈಯಾರೆ ಮಾಡಿದ ಹಂಚಿಕೆಗಳಿಗೂ ಅನ್ವಯಿಸಿಕೊಳ್ಳಲಿ. ಗೋಡೆಯೊಳಗೆ ಬಳಕೆಯಾಗದೆ ಬಿದ್ದಿರುವ ನೆಲವನ್ನು ಅಳೆಸಿ, ಭದ್ರತೆಗೆ ಬಾಧಕವಿಲ್ಲದೆಡೆ ಋತುಮಾನದ ಮೇವಿಗೆ ತೆರೆಯಲಿ. ಉಳಿದ ಕಾವಲುಗಳ ಒಂದು ಗುಂಟೆಯನ್ನೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಪರಭಾರೆ ಮಾಡದಿರಲಿ.